ಶಿವಬಸಪ್ಪನವರ ಸೊಂಟದ ಮೀಟರು

ಎರಡು ಸಾವಿರದ ಆರನೇ ಇಸವಿಯ ಕಾರ್ತಿಕ ಮಾಸದಲ್ಲಿ, ಚಂದ್ರಾ ಲೇಔಟಿನ ನಿವೃತ್ತ ಮೀಟರ್ ರೀಡರ್ ಶಿವಬಸಪ್ಪನವರ ಸೊಂಟಕ್ಕೇ ಒಂದು ಮೀಟರು ಬಿತ್ತು.

ಆಗ ಆ ಕಡೆ ಮೆಟ್ರೋ ಕಂಬಗಳು ಎದ್ದಿರಲಿಲ್ಲ. ಸಂಜೆ ಕರೆಂಟು ಹೋದರೆ ಬೀದಿಗೆ ಬೀದಿಯೇ ಹೊರಗೆ ಬಂದು ಜಗಲಿಗಳ ಮೇಲೆ ಕೂರುತ್ತಿತ್ತು; ಕರೆಂಟು ಬಂದರೂ ಮಾತು ಮುಗಿಯದೆ ಯಾರೂ ಏಳುತ್ತಿರಲಿಲ್ಲ. ನಿವೃತ್ತರಾಗಿ ಐದು ವರ್ಷವಾಗಿದ್ದರೂ ಶಿವಬಸಪ್ಪನವರನ್ನು ಕಂಡೊಡನೆ "ಯಾವಾಗ ಬರುತ್ತೆ ಸಾರ್?" ಎಂದು ಜನ ಕೇಳುತ್ತಿದ್ದರು. ಅವರು ಆಕಾಶವನ್ನೊಮ್ಮೆ, ಕಂಬವನ್ನೊಮ್ಮೆ ನೋಡಿ, "ಬರಬೇಕು" ಎನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆ ಬಂದೇ ಬರುತ್ತಿತ್ತು. ಹೀಗಾಗಿ ಲೇಔಟಿನಲ್ಲಿ ಅವರ ಮಾತಿಗೆ ಒಂದು ತೂಕವಿತ್ತು.

ಒಂದು ದಿನ ಬೆಳಿಗ್ಗೆ ಪಾರ್ಕಿನಲ್ಲಿ ಅವರು ಮೊದಲ ಸುತ್ತಿಗೆ ಕಾಲಿಡುತ್ತಿದ್ದಾಗ ಒಬ್ಬ ಹುಡುಗಿ ಎದುರಿಗೆ ಬಂದು ನಿಂತಳು. ಬಿಳಿ ಕೋಟು, ಹೆಗಲಿಗೆ ಚೀಲ, ಕೈಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡದಾದ ಕಪ್ಪು ಪೆಟ್ಟಿಗೆ.

"ಅಂಕಲ್, ಒಂದ್ ನಿಮಿಷ. ನಾನು ಚೇತನಾ ಅಂತ, ಫಿಜಿಯೋಥೆರಪಿ ಓದ್ತಾ ಇದೀನಿ. ನಡೆಯೋದು, ಜಂಪ್ ಮಾಡೋದು ಇದನ್ನೆಲ್ಲ ಅಳೆಯೋ ಒಂದು ಸ್ಟಡಿ ನಡೀತಾ ಇದೆ. ಈ ಪೆಟ್ಟಿಗೇನ ಒಂದು ವಾರ ಸೊಂಟಕ್ಕೆ ಕಟ್ಕೊಂಡಿರ್ತೀರಾ? ಕೊನೇ ದಿನ ಭಾನುವಾರ ಪಾರ್ಕಲ್ಲೇ ಒಂದು ಟೆಸ್ಟ್ ಇರುತ್ತೆ. ದಿನಾ ಸಂಜೆ ನಾನೇ ಮನೆಗೆ ಬಂದು ನೋಡ್ಕೊಂಡು ಹೋಗ್ತೀನಿ."

"ನೋಡಿ ಏನ್ಮಾಡ್ತೀಯಮ್ಮ?"

"ಎಷ್ಟು ನಂಬಬಹುದು ಅಂತ ತಿಳ್ಕೋತೀವಿ ಅಂಕಲ್."

ಏನನ್ನು ಎಂದು ಅವಳು ಹೇಳಲಿಲ್ಲ. ಯಾರನ್ನು ಎಂದು ಇವರು ಕೇಳಲಿಲ್ಲ. ಕನ್ನಡದಲ್ಲಿ ಕರ್ಮಪದವನ್ನು ಬಿಟ್ಟರೂ ವಾಕ್ಯ ನಿಲ್ಲುತ್ತದೆ. ಸಂಸಾರ ನಿಲ್ಲುವುದಿಲ್ಲ ಎಂಬುದನ್ನು ಮಾತ್ರ ಯಾವ ವ್ಯಾಕರಣದ ಮೇಷ್ಟರೂ ಹೇಳಿಕೊಡುವುದಿಲ್ಲ.

"ಇಷ್ಟು ಜನ ಇದಾರಲ್ಲ ಪಾರ್ಕಲ್ಲಿ, ನಾನೇ ಯಾಕೆ?" ಎಂದರು ಶಿವಬಸಪ್ಪನವರು.

"ನಿಮ್ಮಂಥವರೇ ಬೇಕಿತ್ತು ಅಂಕಲ್. ಒಂದು ತಿಂಗಳಿಂದ ಹುಡುಕ್ತಾ ಇದ್ವಿ."

ಸಂತೋಷಕ್ಕೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ ಎಂದು ಬರೆಯುವುದು ವಾಡಿಕೆ. ಆದರೆ ಶಿವಬಸಪ್ಪನವರ ಕಾಲು ಎಂಥ ಸಂತೋಷದಲ್ಲೂ ನೆಲ ಬಿಟ್ಟು ಏಳುವಂಥದ್ದಲ್ಲ. ಅವರ ಚಪ್ಪಲಿಗಳು ಎತ್ತಿನ ಗಾಡಿಯ ಹಾಗೆ ನೆಲವನ್ನು ಸವರುತ್ತ, ಸರಕ್ ಸರಕ್ ಎನ್ನುತ್ತ, ಪೆಟ್ಟಿಗೆಯ ಸಮೇತ ಎರಡು ಸುತ್ತು ಮುಗಿಸಿ ಮನೆಗೆ ಬಂದವು.

"ಕಮಲಾ! ಇಡೀ ಬೆಂಗಳೂರಲ್ಲಿ ನಂಬಿಕಸ್ಥರನ್ನ ಹುಡುಕ್ತಾ ಇದ್ರಂತೆ ಕಣೇ. ಹುಡುಗಿ ಸೀದಾ ನನ್ನ ಹತ್ರಾನೇ ಬಂದ್ಳು."

ಹೆಂಡತಿ ಕಮಲಾಕ್ಷಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಅದನ್ನ ಕಟ್ಕೊಂಡು ಸ್ನಾನ ಹೇಗ್ರೀ ಮಾಡ್ತೀರಿ?"

ಮಹತ್ವದ ಸುದ್ದಿಗಳನ್ನು ಹೆಂಗಸರು ಹೀಗೆ ಬಚ್ಚಲುಮನೆಗೆ ತಂದು ನಿಲ್ಲಿಸುತ್ತಾರೆ ಎಂದುಕೊಂಡು ಶಿವಬಸಪ್ಪನವರು ಅಂಗಿಯನ್ನು ಪಂಚೆಯೊಳಕ್ಕೆ ಸಿಕ್ಕಿಸಿ, ಪೆಟ್ಟಿಗೆ ಚೆನ್ನಾಗಿ ಕಾಣುವಂತೆ ಮಾಡಿಕೊಂಡು ಬೀದಿಗೆ ಇಳಿದರು. ಪಕ್ಕದ ಮನೆಯ ರಾಮಮ್ಮ ರಂಗೋಲಿ ಪುಡಿ ಕೊಡವಿಕೊಳ್ಳುತ್ತ ಕೇಳಿದರು:

"ಏನದು ಶಿವಬಸಪ್ಪನೋರೇ, ಏನು ಅಳೆಯುತ್ತೆ?"

"ನಡಿಗೆ. ಮನುಷ್ಯನ ನಡತೆ ಅವನ ನಡಿಗೇಲೇ ಗೊತ್ತಾಗುತ್ತೆ ರಾಮಮ್ನೋರೇ. ನನ್ನನ್ನ ಎಷ್ಟು ನಂಬಬಹುದು ಅಂತ ಕಾಲೇಜಿನವರು ವಿಜ್ಞಾನದ ಪ್ರಕಾರ ನೋಡ್ತಾ ಇದಾರೆ."

ಇದನ್ನು ಚೇತನಾ ಹೇಳಿರಲಿಲ್ಲ. ಮನೆಯ ಬಾಗಿಲಿಗೂ ರಾಮಮ್ಮನ ರಂಗೋಲಿಗೂ ನಡುವೆ ಅದು ತಾನಾಗಿ ಬೆಳೆದಿತ್ತು.

ಸಂಜೆ ಚೇತನಾ ಬಂದಳು. ಅದೇ ಹೊತ್ತಿಗೆ ರಾಮಮ್ಮ ಹೆಪ್ಪಿಗೆ ಒಂದು ಚಮಚ ಮೊಸರು ಕೇಳಲು ಬಂದರು. ಅವರ ಮನೆಯಲ್ಲಿ ಎರಡು ಪಾತ್ರೆ ಮೊಸರಿತ್ತು, ಅದು ಬೇರೆ ಮಾತು. ಚೇತನಾ ಪೆಟ್ಟಿಗೆಯ ಮುಚ್ಚಳ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು ಓದಿದಳು.

"ನಲವತ್ತೊಂದು."

"ನಲವತ್ತೊಂದು ಏನಮ್ಮ? ಮೈಲಿಯಾ?" ಎಂದರು ಶಿವಬಸಪ್ಪನವರು.

"ಹೆಜ್ಜೆ ಅಂಕಲ್. ಬೆಳಿಗ್ಗೆಯಿಂದ." ಹುಡುಗಿಯ ಮುಖ ಅರಳಿತು. "ನಾನು ಅಂದ್ಕೊಂಡಿದ್ದೇ ಬಂತು ನೋಡಿ ಆಂಟಿ! ನಮ್ಮ ಮೇಡಂಗೆ ಹೇಳಿದ್ರೆ ಎಷ್ಟು ಖುಷಿ ಪಡ್ತಾರೆ! ಅಯ್ಯೋ, ಬಸ್ಸು ಹೋಗ್ಬಿಡುತ್ತೆ, ಬರ್ತೀನಿ." ಪೆಟ್ಟಿಗೆಯನ್ನು ಮತ್ತೆ ಸೊನ್ನೆಗೆ ತಂದಿಟ್ಟು, ಕಾಫಿಯನ್ನೂ ಕುಡಿಯದೆ ಓಡಿದಳು.

ಪಡಸಾಲೆಯಲ್ಲಿ ಮೂವರು ಉಳಿದರು. ಮೊದಲು ಬಾಯಿಬಿಟ್ಟವರು ರಾಮಮ್ಮ.

"ನಲವತ್ತೊಂದು ಅಂದ್ರೆ ನಮ್ಮನೇಲಿ ಅಡಿಗೆಮನೆಯಿಂದ ಬಚ್ಚಲಿಗೆ ಹೋಗಿ ಬಂದ ಲೆಕ್ಕ ಕಮಲಾಕ್ಷಮ್ಮ."

"ಇದರಲ್ಲೇನೋ ತಪ್ಪಾಗಿದೆ" ಎಂದರು ಶಿವಬಸಪ್ಪನವರು. "ನಾನು ಪಾರ್ಕು ಎರಡು ಸುತ್ತು ಬಂದಿದೀನಿ."

ಆಗ ರಾಮಮ್ಮನ ಎದೆಯಲ್ಲಿ ಹದಿನಾಲ್ಕು ವರ್ಷದಿಂದ ಮಲಗಿದ್ದದ್ದು ಎದ್ದು ಕೂತಿತು. "ಹಾಗಂತೀರಾ? ನಮ್ಮನೆ ಬಿಲ್ಲು ಒಂದಕ್ಕೆರಡು ಬಂದಾಗ ನಿಮ್ಮ ಹತ್ರ ಬಂದು ಬೇಡ್ಕೊಂಡೆ. ಎರಡೇ ಬಲ್ಬು ಹಾಕಿರೋದು ಸಾರ್ ಅಂದೆ. ನೀವೇನಂದ್ರಿ? 'ಮನುಷ್ಯರು ಸುಳ್ಳು ಹೇಳ್ಬಹುದು ರಾಮಮ್ನೋರೇ, ಮೀಟರು ಸುಳ್ಳು ಹೇಳಲ್ಲ' ಅಂದ್ರಿ. ಅಂದ್ರೋ ಇಲ್ವೋ?"

ಅಂದಿದ್ದರು. ರಾಮಮ್ಮನಿಗೊಬ್ಬರಿಗೇ ಅಲ್ಲ, ವಿಜಯನಗರದಿಂದ ಕುರುಬರಹಳ್ಳಿಯವರೆಗೆ ಒಂದು ತಲೆಮಾರಿನ ಗೃಹಿಣಿಯರಿಗೆ ಅದೇ ಮಾತು ಹೇಳಿ ಪಿಂಚಣಿ ಪಡೆದಿದ್ದರು. ರಾಮಮ್ಮ ಮೊಸರನ್ನು ಮರೆತು ಎದ್ದು ಹೋದರು.

ಕಮಲಾಕ್ಷಮ್ಮ ಗಂಡನ ಕಡೆ ತಿರುಗಿದರು. "ಬೆಳಿಗ್ಗೆ ಆರಕ್ಕೆ ಹೋಗ್ತೀರಿ. ಏಳೂವರೆಗೆ ಬರ್ತೀರಿ. ನಲವತ್ತೊಂದು ಹೆಜ್ಜೆ. ಅಂದ್ರೆ ಎಲ್ಲೋ ಹೋಗಿ ಕೂತ್ಕೋತೀರಿ. ಎಲ್ಲಿ?"

"ನಡೀತೀನಿ ಕಣೇ!"

"ನಿಮ್ಮನ್ನ ನೋಡಿದ ಕೂಡಲೇ ಆ ಹುಡುಗಿಗೆ ಗೊತ್ತಾಗಿದೆ. 'ಅಂದ್ಕೊಂಡಿದ್ದೇ ಬಂತು' ಅಂದ್ಳಲ್ಲ. ಮೂವತ್ನಾಲ್ಕು ವರ್ಷ ಸಂಸಾರ ಮಾಡಿದ ನನಗೆ ಗೊತ್ತಾಗ್ಲಿಲ್ಲ."

ಮಾರನೆಯ ದಿನ ಶಿವಬಸಪ್ಪನವರು ಪಾರ್ಕನ್ನು ನಾಲ್ಕು ಸುತ್ತು ಸುತ್ತಿದರು. ಒಂದು ಹೆಜ್ಜೆಯೂ ಲೆಕ್ಕದಿಂದ ತಪ್ಪಬಾರದೆಂದು, ತುಂಬಿದ ಕೊಡ ಹೊತ್ತವರ ಹಾಗೆ ಸೊಂಟ ಅಲುಗಿಸದೆ, ಎಚ್ಚರದಿಂದ ಪಾದ ಸರಿಸಿದರು. ಸಂಜೆ ಪೆಟ್ಟಿಗೆ ಮೊದಲ ದಿನಕ್ಕಿಂತ ಕಡಿಮೆ ತೋರಿಸಿತು. ಮೂರನೆಯ ದಿನ ಇನ್ನೂ ಎಚ್ಚರದಿಂದ ನಡೆದರು, ಇನ್ನೂ ಕಡಿಮೆ. ಆಮೇಲೆ ಚೇತನಾ ಬರುವ ಹೊತ್ತಿಗೆ ಅವರು ಪೆಟ್ಟಿಗೆ ಬಿಚ್ಚಿಟ್ಟು ದೇವರ ಕೋಣೆ ಸೇರಿ ಪೂಜೆಗೆ ಕೂರತೊಡಗಿದರು. ಕಮಲಾಕ್ಷಮ್ಮ ಪೆಟ್ಟಿಗೆಯನ್ನು ತೋರಿಸಿ, ತುಟಿ ಬಿಚ್ಚದೆ ಹುಡುಗಿಯನ್ನು ಕಳಿಸುತ್ತಿದ್ದರು. ಮನೆಯಲ್ಲಿ ಮಾತು ಕಡಿಮೆಯಾಗಿ ರೊಟ್ಟಿ ತಟ್ಟುವ ಸದ್ದು ಜಾಸ್ತಿಯಾಯಿತು. ಪೂಜೆ ದೀರ್ಘವಾದಷ್ಟೂ ರಾಮಮ್ಮನಿಗೆ ಅನುಮಾನ ಬಲವಾಯಿತು. "ತಪ್ಪು ಮಾಡಿದೋರಿಗೇ ಭಕ್ತಿ ಜಾಸ್ತಿ" ಎಂದು ಅವರು ಕಾಂಪೌಂಡಿನ ಮೇಲಿಂದ ಹೇಳಿದರು.

ನಾಲ್ಕನೆಯ ದಿನ ಕಮಲಾಕ್ಷಮ್ಮ ಬಸವೇಶ್ವರನಗರದಲ್ಲಿ ಪೇಂಟ್ ಅಂಗಡಿ ಇಟ್ಟಿದ್ದ ತಮ್ಮ ಸಿದ್ದಲಿಂಗೇಶನಿಗೆ ಫೋನು ಮಾಡಿ ಅತ್ತರು.

ಸಿದ್ದಲಿಂಗೇಶ್ ಸ್ಕೂಟರ್ ಹತ್ತಿ ಬಂದ. ಅವನ ಕಳವಳವೇ ಬೇರೆ. ಅವನ ಮಗಳು ವಚನಾಳನ್ನು ಕೆಂಗೇರಿ ಉಪನಗರದ ದೇವೇಂದ್ರಪ್ಪನವರ ಮಗ ನೋಡಿ ಒಪ್ಪಿದ್ದ. ಹುಡುಗಿಗೂ ಮನಸ್ಸಿತ್ತು. ಆದರೆ ದೇವೇಂದ್ರಪ್ಪನವರು ರೆವೆನ್ಯೂ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು, ಮೂರು ಸಾಕ್ಷಿ ಇಲ್ಲದೆ ಸೂರ್ಯೋದಯವನ್ನೂ ಒಪ್ಪದ ಮನುಷ್ಯ. "ನಿಮ್ಮ ಕಡೆಯಿಂದ ನಂಬಿಕಸ್ಥ ಹಿರಿಯರೊಬ್ಬರು ಬಂದು ಮಾತು ಕೊಡಲಿ" ಎಂದಿದ್ದರು. ಸಿದ್ದಲಿಂಗೇಶ್ ಹಿಂದೆ ಮುಂದೆ ನೋಡದೆ ಭಾವನ ಹೆಸರು ಹೇಳಿಬಿಟ್ಟಿದ್ದ.

"ಭಾವ, ನನ್ನ ಹತ್ರ ನಿಜ ಹೇಳಿ. ಬೆಳಿಗ್ಗೆ ಎಲ್ಲಿ ಕೂತ್ಕೋತೀರಿ? ದರ್ಶಿನೀಲಾ?"

"ನಿಂತು ತಿನ್ನೋ ದರ್ಶಿನೀಲಿ ಕೂರೋಕೆ ಕುರ್ಚಿ ಎಲ್ಲಿದೆಯೋ?" ಎಂದರು ಶಿವಬಸಪ್ಪನವರು. ವಾದ ಗಟ್ಟಿಯಾಗಿತ್ತು. ಆದರೆ ಗಟ್ಟಿ ವಾದ ಮಾಡುವವರನ್ನು ಕಂಡರೆ ಸಂಬಂಧಿಕರಿಗೆ ಇನ್ನಷ್ಟು ಅನುಮಾನ.

ಶನಿವಾರ ಇಬ್ಬರೂ ಸ್ಕೂಟರಿನಲ್ಲಿ ಕೆಂಗೇರಿಗೆ ಹೊರಟರು. ಪೆಟ್ಟಿಗೆಯನ್ನು ಬಿಚ್ಚಿಟ್ಟು ಬನ್ನಿ ಎಂದರೆ ಶಿವಬಸಪ್ಪನವರು ಕೇಳಲಿಲ್ಲ. "ಒಂದು ವಾರ ಕಟ್ಕೋತೀನಿ ಅಂತ ಆ ಹುಡುಗಿಗೆ ಮಾತು ಕೊಟ್ಟಿದೀನಿ." ಆ ವರ್ಷ ನಾಗರಭಾವಿಯ ರಸ್ತೆಯನ್ನು ನೀರಿನ ಪೈಪಿಗೆಂದು ಅಗೆದಿದ್ದರು, ಮುಚ್ಚಿದ ಮೇಲೆ ಟೆಲಿಫೋನಿಗೆಂದು ಅಗೆದರು, ಆಮೇಲೆ ಅಗೆದದ್ದು ಯಾಕೆಂದು ಅಗೆದವರಿಗೂ ನೆನಪಿರಲಿಲ್ಲ. ಸ್ಕೂಟರು ಹಳ್ಳಕ್ಕಿಳಿದು ದಿಣ್ಣೆ ಹತ್ತಿ ಹಾರುತ್ತ, ಹಿಂದೆ ಕೂತ ಶಿವಬಸಪ್ಪನವರು ಕೇರುವ ಮೊರದ ರಾಗಿಯಂತೆ ಮೇಲೆದ್ದು ಬೀಳುತ್ತ ಕೆಂಗೇರಿ ತಲುಪಿದರು.

"ಶರಣು, ಬನ್ನಿ ಬನ್ನಿ" ಎಂದು ದೇವೇಂದ್ರಪ್ಪನವರು ಕರೆದು ಕೂರಿಸಿದರು. ಮೂಲೆಯ ಮಂಚದಲ್ಲಿದ್ದ ಅವರ ತಾಯಿ ಮುತ್ತವ್ವ ಕಣ್ಣು ಕಿರಿದು ಮಾಡಿ ಶಿವಬಸಪ್ಪನವರ ಸೊಂಟವನ್ನೇ ನೋಡಿದರು.

"ಯಾಕಪ್ಪಾ, ಲಿಂಗದ ಕರಡಿಗೇನ ಕೊರಳಿಗೆ ಕಟ್ಕೋಬೇಕು. ಸೊಂಟಕ್ಕೆ ಕಟ್ಕೊಂಡಿದೀಯಲ್ಲ?"

"ಕರಡಿಗೆ ಕೊರಳಲ್ಲೇ ಇದೆ ತಾಯಿ. ಇದು ಬೇರೆ."

"ಮತ್ತೇನದು?" ಎಂದರು ದೇವೇಂದ್ರಪ್ಪನವರು.

ಸಿದ್ದಲಿಂಗೇಶ್ ಕಾಲಿನಿಂದ ಭಾವನ ಕಾಲನ್ನು ತುಳಿದ. ಆದರೆ ಆ ಪಾದವನ್ನು ಅಲುಗಿಸುವುದು ಅಷ್ಟು ಸುಲಭವಲ್ಲ. "ನನ್ನನ್ನ ಎಷ್ಟು ನಂಬಬಹುದು ಅಂತ ನೋಡೋ ಯಂತ್ರ" ಎಂದರು ಶಿವಬಸಪ್ಪನವರು, ಇದ್ದದ್ದು ಇದ್ದ ಹಾಗೆ.

ದೇವೇಂದ್ರಪ್ಪನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮೂವತ್ತು ವರ್ಷದ ಸರ್ಕಾರಿ ಸೇವೆಯಲ್ಲಿ ಅವರು ಅನೇಕ ವಿಚಾರಣೆಗಳನ್ನು ಕಂಡಿದ್ದರು, ಸೊಂಟಕ್ಕೆ ಕಟ್ಟಿ ಮಾಡುವ ವಿಚಾರಣೆಯನ್ನು ಕಂಡಿರಲಿಲ್ಲ. "ಎಷ್ಟು ಬಂದಿದೆ, ನೋಡಬಹುದೇ?"

ಮುಚ್ಚಳ ತೆಗೆದರು. ನಾಲ್ಕು ಸಾವಿರದ ಮೇಲೆ!

ಸಿದ್ದಲಿಂಗೇಶ್ ಕುರ್ಚಿಯಿಂದ ಎದ್ದುಬಿಟ್ಟ. "ನೋಡಿ ಸಾರ್, ನಮ್ಮ ಭಾವ! ಮೊನ್ನೆ ಮೂವತ್ತಿತ್ತು. ಅಕ್ಕ ಬೈದಿದ್ದಕ್ಕೆ ಒಂದೇ ದಿನಕ್ಕೆ ಹೇಗೆ ಸುಧಾರಿಸಿದಾರೆ ನೋಡಿ! ಇಷ್ಟು ನಡೆಯೋರು ಮೋಸ ಮಾಡ್ತಾರಾ?"

"ತಾಳಿ" ಎಂದರು ದೇವೇಂದ್ರಪ್ಪನವರು. "ನೀವು ಬಂದಿದ್ದು ಸ್ಕೂಟರಲ್ಲಿ ತಾನೇ?"

"ಹೌದು ಸಾರ್."

"ಯಜಮಾನರು ಹಿಂದೆ ಕೂತಿದ್ರು ತಾನೇ?"

"ಹೌದು ಸಾರ್."

"ಹಾಗಾದ್ರೆ ನಡೆದೋರು ಯಾರು?"

ಮುತ್ತವ್ವನ ಕೈಯಲ್ಲಿದ್ದ ಎಲೆಯಡಿಕೆ ಅಲ್ಲೇ ನಿಂತಿತು.

"ಒಂದೋ ಈ ಯಂತ್ರ ಸುಳ್ಳು, ಇಲ್ಲ ನೀವು ಸುಳ್ಳು" ಎಂದರು ದೇವೇಂದ್ರಪ್ಪನವರು, ಜಮೀನಿನ ತಕರಾರು ಇತ್ಯರ್ಥ ಮಾಡುವ ದನಿಯಲ್ಲಿ. "ಯಾವುದು ಅಂತ ತೀರ್ಮಾನ ಆಗೋವರೆಗೂ ಮದುವೆ ಮಾತು ಬೇಡ."

ಸಿದ್ದಲಿಂಗೇಶನ ಮನೆಯಲ್ಲಿ ಮಗಳು ಫೋನಿನ ಪಕ್ಕ ಕೂತಿದ್ದಳು. ಆಗ ಶಿವಬಸಪ್ಪನವರು ನಿಧಾನವಾಗಿ ಎದ್ದು ನಿಂತರು. "ನಾಳೆ ಭಾನುವಾರ ಕೊನೇ ದಿನ. ಆ ಹುಡುಗಿ ಪಾರ್ಕಲ್ಲಿ ನನ್ನನ್ನ ನಡೆಸಿ, ಜಂಪ್ ಮಾಡಿಸಿ, ಕೈಯಲ್ಲೂ ಎಣಿಸಿ ತಾಳೆ ನೋಡ್ತಾಳಂತೆ. ನೀವೂ ಬನ್ನಿ ಸಾರ್. ನಾನು ಸುಳ್ಳು ಅಂತಾದ್ರೆ ಹುಡುಗೀಗೆ ಬೇರೆ ಹಿರಿಯರನ್ನ ಹುಡುಕೋಣ. ವಚನಾ ಅಂತೂ ಬಂಗಾರ."

"ಸ್ಥಳ ಪರಿಶೀಲನೆ" ಎಂದರು ದೇವೇಂದ್ರಪ್ಪನವರು. ಮುಖದಲ್ಲಿ ನಿವೃತ್ತಿಯಾದ ಮೇಲೆ ಕಾಣದಿದ್ದ ಕಳೆ ಕಾಣಿಸಿತು. "ಮಹಜರು ಮಾಡೇಬಿಡೋಣ."

ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಸಂತೆ. ರಾಮಮ್ಮ ಇಡೀ ಬೀದಿಗೆ ಹೇಳಿದ್ದರು. ಚೇತನಾ, ಇಷ್ಟು ಜನಕ್ಕೆ ವಿಜ್ಞಾನದಲ್ಲಿ ಆಸಕ್ತಿ ಇರುವುದನ್ನು ಕಂಡು ಬೆರಗಾಗಿದ್ದಳು. ದೇವೇಂದ್ರಪ್ಪನವರು ಬಂದವರೇ ಉಸ್ತುವಾರಿ ವಹಿಸಿಕೊಂಡರು. "ಎಡಗಾಲು ನಾನು ಎಣಿಸ್ತೀನಿ. ಬಲಗಾಲು ಸಿದ್ದಲಿಂಗೇಶ್. ನೀನು ಎರಡೂ ಎಣಿಸಮ್ಮ. ರಾಮಮ್ಮನೋರು ಪಂಚರು, ಸಾಕ್ಷಿಗೆ. ಶುರು!"

ಶಿವಬಸಪ್ಪನವರು ಹೊರಟರು. ಸರಕ್, ಸರಕ್. ಅವರ ಎಡಕ್ಕೆ ಬಗ್ಗಿಕೊಂಡು ದೇವೇಂದ್ರಪ್ಪ, ಬಲಕ್ಕೆ ಬಗ್ಗಿಕೊಂಡು ಸಿದ್ದಲಿಂಗೇಶ್, ಹಿಂದೆ ಇಡೀ ಬೀದಿ. ಒಂದು ಸುತ್ತು ಮುಗಿಯುವಷ್ಟರಲ್ಲಿ ಬಿಸಿಲು ಮರದ ತುದಿಯಿಂದ ಬೆಂಚಿಗೆ ಇಳಿದಿತ್ತು. ಮೂವರ ಎಣಿಕೆಯೂ ತಾಳೆಯಾಯಿತು, ಮುನ್ನೂರರ ಮೇಲೆ. ಪೆಟ್ಟಿಗೆ ತೆಗೆದರು. ಒಂಬತ್ತು.

"ಈಗ ಐದು ಸಲ ಜಂಪ್ ಮಾಡಿ ಅಂಕಲ್" ಎಂದಳು ಚೇತನಾ, ಪೆಟ್ಟಿಗೆಯನ್ನು ಸೊನ್ನೆಗೆ ತಂದು.

ಶಿವಬಸಪ್ಪನವರು ಪಂಚೆ ಎತ್ತಿ ಕಟ್ಟಿ, ಮೊಣಕಾಲು ಬಗ್ಗಿಸಿ, ಕಣ್ಣು ಮುಚ್ಚಿ, ಭುಜವನ್ನು ಕಿವಿಯವರೆಗೆ ಏರಿಸಿ ಇಳಿಸಿದರು.

"ನೆಗೆದ್ರಾ?" ಎಂದರು ಯಾರೋ.

"ಪಾದ ಬಿಟ್ಟು ಮಿಕ್ಕಿದ್ದೆಲ್ಲ ನೆಗೀತು" ಎಂದರು ರಾಮಮ್ಮ.

"ರೀ" ಎಂದರು ಕಮಲಾಕ್ಷಮ್ಮ. ಮೊದಲ ದಿನದ ಜಗಳದ ಮೇಲೆ ಅವರು ಗಂಡನಿಗೆ ತಾವಾಗಿ ಆಡಿದ ಮೊದಲ ಮಾತು. "ಹುಷಾರು ಕಣ್ರೀ. ಮಂಡಿ."

ಅಷ್ಟು ಸಾಕಾಯಿತು. ಶಿವಬಸಪ್ಪನವರು ನೆಗೆದರು. ನೆಲ ಬಿಟ್ಟರು ಎಂದು ದೇವೇಂದ್ರಪ್ಪನವರು ಮಣ್ಣಿನ ಮೇಲೆ ಕೆನ್ನೆಯಿಟ್ಟು ನೋಡಿ ದೃಢಪಡಿಸಿದರು. ಒಂದು, ಎರಡು, ಮೂರು, ನಾಲ್ಕು, ಐದು. ಜನ ಚಪ್ಪಾಳೆ ತಟ್ಟಿದರು. ಪೆಟ್ಟಿಗೆ ತೆಗೆದರು. ಹನ್ನೊಂದು.

"ಐದು ಅಂಕಲ್‌ದು. ಮಿಕ್ಕಿದ್ದು ಹೊಟ್ಟೇದು" ಎಂದು ಚೇತನಾ ಕಣ್ಣರಳಿಸಿ ಬರೆದುಕೊಂಡಳು. "ಇಳಿದ ಮೇಲೂ ಅಲ್ಲಾಡ್ತಾ ಇರುತ್ತಲ್ಲ, ಪೆಟ್ಟಿಗೆ ಅದನ್ನೂ ಸೇರಿಸ್ಕೊಳ್ಳುತ್ತೆ."

ದೇವೇಂದ್ರಪ್ಪನವರು ಕೆನ್ನೆಯ ಮಣ್ಣು ಒರೆಸಿಕೊಂಡು ಎದ್ದರು. "ನಡೆದ್ರೆ ನಡೆದಿಲ್ಲ ಅನ್ನುತ್ತೆ. ಸ್ಕೂಟರ್ ಮೇಲೆ ಕೂತಿದ್ರೆ ನಡೆದಿದಾರೆ ಅನ್ನುತ್ತೆ. ಒಂದು ಸಲ ನೆಗೆದ್ರೆ ಎರಡು ಸಲ ಅನ್ನುತ್ತೆ. ಇಂಥ ಗುಮಾಸ್ತ ನನ್ನ ಕೈಕೆಳಗೂ ಒಬ್ಬ ಇದ್ದ. ಏನಮ್ಮ, ಇದನ್ನ ನಂಬಿ ಈ ದೊಡ್ಡ ಮನುಷ್ಯರನ್ನ ಪರೀಕ್ಷೆ ಮಾಡೋಕೆ ಹೊರಟಿದೀಯಲ್ಲ?"

"ಅಂಕಲ್‌ನ ಯಾರು ಪರೀಕ್ಷೆ ಮಾಡಿದ್ರು?" ಹುಡುಗಿ ಕಕ್ಕಾಬಿಕ್ಕಿಯಾದಳು. "ನಾವು ಪರೀಕ್ಷೆ ಮಾಡ್ತಾ ಇರೋದು ಪೆಟ್ಟಿಗೇನ. ಪೆಟ್ಟಿಗೇನ ಎಷ್ಟು ನಂಬಬಹುದು ಅಂತ."

ಶಿವಬಸಪ್ಪನವರು ಎತ್ತಿ ಕಟ್ಟಿದ್ದ ಪಂಚೆಯನ್ನು ಇಳಿಸಿದರು.

"ಮತ್ತೆ... ನನ್ನಂಥವರೇ ಬೇಕಿತ್ತು ಅಂದೆಯಲ್ಲಮ್ಮ?" ಎಂದರು ಶಿವಬಸಪ್ಪನವರು ಮೆಲ್ಲಗೆ.

"ಕಾಲು ಎತ್ತದೆ ನಿಧಾನವಾಗಿ ನಡೆಯೋರ ಹೆಜ್ಜೆ ಇದಕ್ಕೆ ಸಿಗಲ್ಲ ಅಂತ ನಮ್ಮ ಮೇಡಂಗೆ ಅನುಮಾನ ಇತ್ತು ಅಂಕಲ್. ವಿಜಯನಗರ, ರಾಜಾಜಿನಗರ ಎಲ್ಲ ಹುಡುಕಿದೀವಿ. ನಿಮ್ಮಷ್ಟು ನಿಧಾನ ಯಾರೂ ಸಿಗ್ಲಿಲ್ಲ."

ಇದು ಬಿರುದೋ ಬೈಗುಳವೋ ಶಿವಬಸಪ್ಪನವರಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ದೇವೇಂದ್ರಪ್ಪನವರು ಅವರ ಎರಡೂ ಕೈ ಹಿಡಿದುಕೊಂಡಿದ್ದರು. "ಮೂರು ಜನ ಎಣಿಸಿದ್ದಕ್ಕೂ ನಿಮ್ಮ ಮಾತಿಗೂ ತಾಳೆಯಾಗಿದೆ. ಯಂತ್ರದ ಮುಂದೆ ಮರ್ಯಾದೆ ಹೋಗ್ತಾ ಇದ್ರೂ ಅದನ್ನ ಬಿಚ್ಚಿಡಲಿಲ್ಲವಲ್ಲ ನೀವು, ಅದು ನನಗೆ ಸಾಕು. ಸಿದ್ದಲಿಂಗೇಶ್, ಒಳ್ಳೆ ದಿನ ನೋಡ್ಸಿ." ಸಿದ್ದಲಿಂಗೇಶ್ ಫೋನ್ ಬೂತು ಹುಡುಕಿಕೊಂಡು ಓಡಿದ. ರಾಮಮ್ಮ, "ಹಾಗಾದ್ರೆ ಮೀಟರು ಸುಳ್ಳು ಹೇಳುತ್ತೆ ಅಂತ ಆಯ್ತು" ಎಂದು ಸುತ್ತಲಿನವರಿಗೆಲ್ಲ ಸಾರಿ, ಹದಿನಾಲ್ಕು ವರ್ಷದ ನಂತರ ನಿರಾಳವಾಗಿ ನಕ್ಕರು.

ಆದರೆ ಕಮಲಾಕ್ಷಮ್ಮನ ಲೆಕ್ಕ ಇನ್ನೂ ಮುಗಿದಿರಲಿಲ್ಲ. ಮನೆಗೆ ಬಂದ ಮೇಲೆ ಹೇಳಿದರು:

"ಯಂತ್ರ ಸುಳ್ಳು, ಒಪ್ಕೊಂಡೆ. ಆದ್ರೂ ಎರಡು ಸುತ್ತಿಗೆ ನಿಮಗೆ ಅರ್ಧ ಗಂಟೆ ಬೇಕು. ಮಿಕ್ಕ ಒಂದು ಗಂಟೆ?"

"ಹೋಗ್ತಾ ಬರ್ತಾ ಆಗುತ್ತೆ ಕಣೇ."

"ಏನಾಗುತ್ತೆ?"

"ಅದೇ... ಆಗುತ್ತೆ."

ಮರುದಿನ ಬೆಳಿಗ್ಗೆ ಆರಕ್ಕೆ ಕಮಲಾಕ್ಷಮ್ಮನೂ ಸೆರಗು ಹೊದ್ದು, ಚಪ್ಪಲಿ ಮೆಟ್ಟಿ ಹೊರಟರು. ಹಾಲಿನ ಬೂತಿನ ಮುಂದೆ ಕ್ರೇಟುಗಳ ಸದ್ದು, ತೆಳ್ಳಗೆ ಮಂಜು. ನಾಲ್ಕನೇ ಮನೆಯ ಗೇಟಿನಲ್ಲಿ ತಮ್ಮಣ್ಣನವರು ಪೇಪರು ಹಿಡಿದು ನಿಂತಿದ್ದರು. ಹಿಂದಿನ ವರ್ಷ ಹೆಂಡತಿಯನ್ನು ಕಳೆದುಕೊಂಡವರು. ಪೇಪರು ತಲೆಕೆಳಗಾಗಿತ್ತು.

"ನಿದ್ದೆ ಬಂತಾ ತಮ್ಮಣ್ಣ?" ಎಂದರು ಶಿವಬಸಪ್ಪನವರು.

"ಮೂರರವರೆಗೆ ಬಂತು" ಎಂದ ತಮ್ಮಣ್ಣನವರು ಕಮಲಾಕ್ಷಮ್ಮನನ್ನು ನೋಡಿ ಕೈಮುಗಿದರು. "ಈ ವಾರ ಇವರು ಸರಿಯಾಗಿ ನಿಲ್ಲಲೇ ಇಲ್ಲಮ್ಮ. ಸೊಂಟದಲ್ಲಿ ಏನೋ ಇದೆ ಅಂತ ಓಡಿಬಿಡೋರು. ಬೇಜಾರಾಗಿದೆಯೇನೋ ಅಂದ್ಕೊಂಡಿದ್ದೆ."

ಕಮಲಾಕ್ಷಮ್ಮ ಗಂಡನ ಮುಖ ನೋಡಿದರು.

ತಿರುವಿನಲ್ಲಿ ಸೊಪ್ಪಿನ ಬುಟ್ಟಿ ಇಳಿಸಿಕೊಂಡು ಕೂತಿದ್ದ ದುರ್ಗವ್ವ ಇವರನ್ನು ದೂರದಿಂದ ಕಂಡೊಡನೆ ಎದ್ದು ನಿಂತಳು. ಗದಗದ ಕಡೆಯ ಹೆಂಗಸು. ಹಳ್ಳಿಯಲ್ಲಿದ್ದ ಮಗಳಿಗೆ ದಿನ ತುಂಬಿತ್ತು; ಶಿವಬಸಪ್ಪನವರು ದಿನವೂ ವಿಚಾರಿಸುತ್ತಿದ್ದರು.

"ಯಪ್ಪಾ, ನಿಮ್ಮ ದಾರೀನ ಕಾಯಾಕತ್ತಿದ್ದೆ ನೋಡ್ರಿ! ರಾತ್ರಿ ಫೋನ್ ಬಂತ್ರಿ. ಹೆಣ್ಣುಕೂಸು! ಯಾರಿಗೂ ಹೇಳಿಲ್ರಿ ಇನ್ನಾ, ಮೊದಲ ನಿಮಗ ಹೇಳಬೇಕಂತ."

"ಹೌದಾ! ಬಾಣಂತಿ ಹೇಗಿದಾಳೆ?" ಎಂದು ಕೇಳಿದ್ದು ಶಿವಬಸಪ್ಪನವರಲ್ಲ. ಕಮಲಾಕ್ಷಮ್ಮ ಆಗಲೇ ಬುಟ್ಟಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದರು. ತಲೆಗೆ ಬಟ್ಟೆ ಕಟ್ಟಿದಾರಾ, ಮೈಗೆ ಎಣ್ಣೆ ಹಚ್ಚೋಕೆ ಯಾರಿದಾರೆ, ಹಾಲಿಗೆ ಸಬ್ಬಸಿಗೆ ಒಳ್ಳೇದು, ಖಾರ ಮುಟ್ಟಿಸಬೇಡ, ಒಣಕೊಬ್ಬರಿ ಅಂಟಿನುಂಡೆ ನಾನೇ ಮಾಡಿಕೊಡ್ತೀನಿ, ಬಸ್ಸಿಗೆ ಹಾಕಿ ಕಳಿಸು... ತಮ್ಮಣ್ಣನವರೂ ನಡೆದುಕೊಂಡು ಅಲ್ಲಿಗೇ ಬಂದರು. ಬೂತಿನವನು ಅಲ್ಲಿಂದಲೇ "ಏನಂತೆ ಸಾರ್?" ಎಂದು ಕೂಗಿದ.

ಶಿವಬಸಪ್ಪನವರು ಸ್ವಲ್ಪ ಹೊತ್ತು ಕಾದರು. ಬಿಸಿಲು ಏರುತ್ತಿತ್ತು.

"ಕಮಲಾ, ನಡಿಯೇ. ಪಾರ್ಕು ಇನ್ನೂ ದೂರ ಇದೆ."

"ಇರ್ರೀ ಸುಮ್ನೆ, ಅದೇನು ಅವಸರ ನಿಮಗೆ!" ಎಂದರು ಕಮಲಾಕ್ಷಮ್ಮ, ತಲೆಯೆತ್ತದೆ ಸೊಪ್ಪು ಆರಿಸುತ್ತ. "ಈಗ ಯಾವ ಮೆಷಿನ್ ಎಣಿಸ್ತಾ ಇದೆ?"

ಆವತ್ತು ಗಂಡ ಹೆಂಡತಿ ಇಬ್ಬರೂ ಪಾರ್ಕು ಮುಟ್ಟಲೇ ಇಲ್ಲ.